ಹೆಸರು ಕೆರೆದ ಎಕ್ಸ್‌ರೇ

ಹೆದರುಪುಕ್ಕಲರಿಗೆಂದೇ ದೇವರು ಕೆಲವು ಉದ್ಯೋಗಗಳನ್ನು ಸೃಷ್ಟಿಸಿದ್ದಾನೆ ಎಂದು ನನ್ನ ನಂಬಿಕೆ. ಬ್ಯಾಂಕಿನ ಕಾವಲುಗಾರ ಧೈರ್ಯವಂತನಾಗಿರಬೇಕು, ನಿಜ. ಆದರೆ ಬ್ಯಾಂಕಿಗೆ ಕಳ್ಳರು ಎಲ್ಲೆಲ್ಲಿಂದ ನುಗ್ಗಬಹುದು ಎಂದು ಕೂತು ಯೋಚಿಸುವ ಕೆಲಸಕ್ಕೆ ನನ್ನಂಥವನೇ ಆಗಬೇಕು. ನಾನು ಮನೆಗೆ ಬೀಗ ಹಾಕಿ, ಎಳೆದು ನೋಡಿ, ಗೇಟಿನ ತನಕ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡುವ ಜಾತಿಯವನು. ರೈಲು ಹತ್ತಿದ ಮೇಲೆ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಬಂದು ಮುಂದಿನ ಸ್ಟೇಷನ್ನಿನಲ್ಲಿ ಇಳಿದದ್ದೂ ಉಂಟು. ಇಂಥವನು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರಾಗಿ, ಕಂಪ್ಯೂಟರ್ ನೆಟ್‌ವರ್ಕ್ ಪಾಠ ಮಾಡುತ್ತ ಮಾಡುತ್ತ, ಕೊನೆಗೆ ‘ವೈದ್ಯಕೀಯ ಚಿತ್ರಗಳ ಸುರಕ್ಷತೆ’ ಎಂಬ ವಿಷಯದಲ್ಲಿ ಡಾಕ್ಟರೇಟಿನ ಸಂಶೋಧನೆಗೆ ಇಳಿದದ್ದು ಯಾರಿಗೂ ಆಶ್ಚರ್ಯ ತರಲಿಲ್ಲ. ನನ್ನ ಹೆಂಡತಿ ನಾಗರತ್ನ ಮಾತ್ರ, ಇವರ ಭಯಕ್ಕೆ ಈಗ ಯೂನಿವರ್ಸಿಟಿಯವರ ಒಪ್ಪಿಗೆಯೂ ಸಿಕ್ಕಿತು ಎಂದಳು.

ಅದು ತೊಂಬತ್ತರ ದಶಕದ ಕೊನೆ. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿ, ಊರಿನಲ್ಲಿ ದಿನಕ್ಕೊಂದು ಸರ್ಕಾರಿ ಬೋರ್ಡು ಏಳುತ್ತಿದ್ದ ಕಾಲ. ನಮ್ಮ ಮನೆ ಅಲ್ಲಿ. ಕಾಲೇಜು ಮೈಸೂರಿನ ಕಡೆ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದೆ. ನಮ್ಮ ಲ್ಯಾಬಿನ ನೆಟ್‌ವರ್ಕ್ ಎಂದರೆ ಒಂದು ಕೇಬಲ್ಲಿಗೆ ಪೋಣಿಸಿದ ನಾಲ್ಕಾರು ಕಂಪ್ಯೂಟರುಗಳು. ಅದರಲ್ಲೊಂದು ಮುನಿಸಿಕೊಂಡರೆ ಮಿಕ್ಕವೂ ಮಾತು ಬಿಡುತ್ತಿದ್ದವು. ಈ ತುದಿಯಿಂದ ಒಂದು ಸಂದೇಶ ಕಳಿಸಿ, ಆ ತುದಿಗೆ ತಲುಪಿತೋ ಇಲ್ಲವೋ ಎಂದು ನಾನೇ ಓಡಿಹೋಗಿ ನೋಡುತ್ತಿದ್ದೆ. ಎಷ್ಟೋ ಸಲ ಸಂದೇಶಕ್ಕಿಂತ ಮೊದಲು ನಾನು ತಲುಪಿದ್ದೇನೆ.

ಸಂಶೋಧನೆಯ ವಿಷಯವನ್ನು ಗುಂಡ್ಲುಪೇಟೆಯ ನಮ್ಮ ಮಾವನವರಿಗೆ ವಿವರಿಸಿದ್ದು ಇನ್ನೂ ನೆನಪಿದೆ. ಮಾವ ಮಾದಪ್ಪನವರದು ಈರುಳ್ಳಿ ಮಂಡಿ. ಜೋರು ದನಿ, ತುಂಬಿದ ಮೀಸೆ, ಬಾಯಲ್ಲಿ ಬೀಡಿ. ಮುಂದೆ ಆಸ್ಪತ್ರೆಯವರು ಎಕ್ಸ್‌ರೇಗಳನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಂತಿಯ ಮೇಲೆ ಕಳಿಸುತ್ತಾರೆ, ದಾರಿಯಲ್ಲಿ ಯಾರಾದರೂ ಕದ್ದು ನೋಡಿದರೆ ರೋಗಿ ಯಾರು ಎಂದು ತಿಳಿಯಬಾರದು, ಅದಕ್ಕೆ ರೋಗಿಯ ಹೆಸರು ಊರುಗಳನ್ನು ಕಣ್ಣಿಗೆ ಕಾಣದ ಹಾಗೆ ಚಿತ್ರದೊಳಗೇ ಅಲ್ಲಲ್ಲಿ ಚದುರಿಸಿ ಅಡಗಿಸಿಡುವುದು ನನ್ನ ಕೆಲಸ ಎಂದೆ. ಕೀಲಿ ಗೊತ್ತಿದ್ದವರು ಮಾತ್ರ ಅದನ್ನು ಹೊರಗೆ ತೆಗೆಯಬಹುದು ಎಂದೂ ಹೇಳಿದೆ. ಮಾವ ಒಂದು ದಮ್ಮು ಬೀಡಿ ಎಳೆದು, ಎಕ್ಸ್‌ರೇಯನ್ನು ಯಾಕೆ ಮುಚ್ಚಿಡಬೇಕು ಎಂದು ಕೇಳಿದರು.

ಅವರು ಹಾಗೆ ಕೇಳಲು ಕಾರಣವಿತ್ತು. ಆ ಕಡೆ ಎಕ್ಸ್‌ರೇ ಎಂದರೆ ಮದುವೆಯ ಫೋಟೋ ಇದ್ದ ಹಾಗೆ. ತೆಗೆಸಿಕೊಂಡವರು ಅದನ್ನು ಊರಿಗೆಲ್ಲ ತೋರಿಸುತ್ತಾರೆ. ಯಾರದೇ ಮನೆಗೆ ಹೋಗಿ, ಕಾಫಿಗೆ ಮೊದಲು ಎಕ್ಸ್‌ರೇ ಬರುತ್ತದೆ. ಬಂದವರು ಅದನ್ನು ಕಿಟಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಏನಾದರೊಂದು ಅಭಿಪ್ರಾಯ ಕೊಡಲೇಬೇಕು. ಕೊಡದಿದ್ದರೆ ಮನೆಯವರಿಗೆ ಬೇಜಾರು. ಮಾವನವರ ಎದೆಯ ಎಕ್ಸ್‌ರೇಯಂತೂ ಮಂಡಿಯ ಗೋಡೆಗೇ ನೇತುಹಾಕಿತ್ತು. ಅದನ್ನು ನೋಡದ ಲಾರಿ ಡ್ರೈವರು ಕೇರಳದ ರಸ್ತೆಯಲ್ಲಿ ಇರಲಿಲ್ಲ. ಸಂಶೋಧನೆಗೆ ಎದೆಯ ನಾಲ್ಕೆಂಟು ಎಕ್ಸ್‌ರೇ ಬೇಕಿತ್ತು ಎಂದು ನಾನು ಬಾಯಿ ಬಿಟ್ಟದ್ದೇ ತಡ, ಮಾವ ಮೊದಲು ತಮ್ಮದನ್ನೇ ಗೋಡೆಯಿಂದ ಕಿತ್ತು ಕೊಟ್ಟರು. ಆಮೇಲೆ ಮಂಡಿಯ ಹಮಾಲರದು, ತರಕಾರಿ ದಲ್ಲಾಳಿಗಳದು, ಅವರ ಅಕ್ಕ ಭಾವಂದಿರದು ಎಂದು ಕಟ್ಟು ಕಟ್ಟಾಗಿ ಬಂದವು. ಕೊಟ್ಟವರೆಲ್ಲ, ನನ್ನ ಹೆಸರು ದೊಡ್ಡದಾಗಿ ಹಾಕಿಸಿ ಮೇಷ್ಟ್ರೇ ಎಂದರು. ನಾನು ಮನೆಗೆ ತಂದು, ಬಾಗಿಲು ಹಾಕಿಕೊಂಡು, ಪ್ರತಿಯೊಂದರ ಮೂಲೆಯಲ್ಲಿ ಬಿಳಿ ಶಾಯಿಯಲ್ಲಿ ಬರೆದಿದ್ದ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಆಮೇಲೆ ಕಾಲೇಜಿಗೆ ಒಯ್ದು ಕಂಪ್ಯೂಟರಿಗೆ ಹತ್ತಿಸಿ, ವಾಪಸು ತಂದು ಅಟ್ಟದ ಮೇಲೆ ಪೇರಿಸಿಟ್ಟೆ. ಇಡೀ ತಾಲ್ಲೂಕಿನ ಗುಟ್ಟು ನನ್ನ ಅಟ್ಟದಲ್ಲಿ ಭದ್ರವಾಗಿದೆ ಎಂದು ಹೆಮ್ಮೆಪಟ್ಟೆ. ಕೊಟ್ಟವರಲ್ಲಿ ಯಾರಿಗೂ ಅದು ಗುಟ್ಟಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಹೀಗಿರುವಾಗ ನನಗೆ ಕೆಮ್ಮು ಬಂತು. ಸೀಮೆಸುಣ್ಣದ ಪುಡಿ ಅಂದುಕೊಂಡೆ. ಹೋಗಲಿಲ್ಲ. ಸಂಜೆಯ ಹೊತ್ತು ಮೈ ಬೆಚ್ಚಗಾಗತೊಡಗಿತು. ಪ್ಯಾಂಟು ಸಡಿಲವಾಯಿತು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ನನಗೆ ಬಂದಿರಬಹುದಾದ ಕಾಯಿಲೆಗಳ ಸಾಲು ನಿಲ್ಲಿಸಿ, ಒಂದೊಂದಕ್ಕೂ ಒಂದೊಂದು ರಾತ್ರಿ ಸತ್ತಿದ್ದೆ. ಚಾಮರಾಜನಗರದ ಆಸ್ಪತ್ರೆಗೆ ಹೋಗುವಂತಿಲ್ಲ. ಅಲ್ಲಿಯ ಕಾಂಪೌಂಡರು ನಮ್ಮ ಪಕ್ಕದ ಮನೆಯವರು. ಅವರಿಗೆ ತಿಳಿದರೆ ನಾಗರತ್ನಳಿಗೆ ತಿಳಿಯುತ್ತದೆ, ಅವಳು ಗಾಬರಿಯಾಗುತ್ತಾಳೆ. ಕಾಲೇಜಿಗೆ ತಿಳಿದರೆ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ದೂರ ಸರಿಯುತ್ತದೆ, ಸಂಶೋಧನೆಗೆ ಮುಂದೆ ಸಿಗಲಿದ್ದ ರಜೆಯೂ ಹೋಗುತ್ತದೆ. ಆದ್ದರಿಂದ ಒಂದು ದಿನ ಕಾಲೇಜಿಗೆ ಹೋಗುವ ವೇಷದಲ್ಲೇ ಗುಂಡ್ಲುಪೇಟೆಗೆ ಹೋಗಿ, ಮಾವನ ಮಂಡಿಯ ಬೀದಿಯನ್ನು ತಪ್ಪಿಸಿ, ನನ್ನ ಗುರುತಿಲ್ಲದ ಒಬ್ಬ ಡಾಕ್ಟರ ಹತ್ತಿರ ಎಕ್ಸ್‌ರೇ ತೆಗೆಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ‘ಹೂಂ’ ಎಂದರು. ಡಾಕ್ಟರುಗಳ ಹೂಂಕಾರದಲ್ಲಿ ಎಷ್ಟೊಂದು ಬಗೆಯಿದೆ! ಇದು ಒಳ್ಳೆಯ ಬಗೆಯದಲ್ಲ ಎಂದು ತಕ್ಷಣ ತಿಳಿಯಿತು. ಒಂದು ನೆರಳಿದೆ, ಸೋಮವಾರ ಮೈಸೂರಿನಲ್ಲಿ ಎದೆಯ ತಜ್ಞರಿಗೆ ತೋರಿಸಿ, ಈ ಫಿಲ್ಮ್ ಮಾತ್ರ ತಪ್ಪದೆ ತೆಗೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ನೆರಳು ಎಷ್ಟು ದೊಡ್ಡದು, ಎಲ್ಲಿದೆ ಎಂದು ನಾನು ಕೇಳಲಿಲ್ಲ. ಫಿಲ್ಮಿನ ಕಡೆ ನೋಡಲೂ ಇಲ್ಲ. ನೋಡುವ ಧೈರ್ಯವಿದ್ದರೆ ನಾನು ಈ ಉದ್ಯೋಗಕ್ಕೆ ಯಾಕೆ ಬರುತ್ತಿದ್ದೆ?

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎಕ್ಸ್‌ರೇ ಕವರು ಹಿಡಿದು ನಿಂತರೆ ಹತ್ತು ಕೈ ಮುಂದೆ ಬರುತ್ತವೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಗೊಬ್ಬರದ ಅಂಗಡಿಯಲ್ಲಿ ಒಂದು ಕ್ಯಾಲೆಂಡರು ಕೇಳಿ ಪಡೆದು, ಎಕ್ಸ್‌ರೇಯನ್ನು ಅದರೊಳಗೆ ಸುರುಳಿ ಸುತ್ತಿ, ದಾರ ಕಟ್ಟಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಪುಣಜನೂರಿನ ಕಡೆಯ ಒಬ್ಬ ಯಜಮಾನರು ಬಂದು ಕೂತರು. ಸ್ವಲ್ಪ ಹೊತ್ತಿಗೆ, ಬೆಟ್ಟಕ್ಕೆ ದೇವರ ದರ್ಶನಕ್ಕೆ ಹೋಗಬೇಕು, ಅಮಾವಾಸ್ಯೆ ಎಂದು ಬೀಳುತ್ತದೆ ನೋಡಿಕೊಡಿ ಎಂದರು. ಮುಂದಿನ ವಾರ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಬಗಲಲ್ಲಿ ಕ್ಯಾಲೆಂಡರು ಇಟ್ಟುಕೊಂಡು ಬಾಯಲ್ಲಿ ಹೇಳುವ ಮನುಷ್ಯನನ್ನು ಯಾರು ನಂಬುತ್ತಾರೆ? ಕೊಡಿ ಇಲ್ಲಿ ಎಂದು ತಾವೇ ಎಳೆದುಕೊಂಡು ದಾರ ಬಿಚ್ಚಿದರು. ನನ್ನ ಎದೆಗೂಡು ಜಾರಿ ಬಸ್ಸಿನ ನೆಲದ ಮೇಲೆ ಬಿತ್ತು.

ಅಮಾವಾಸ್ಯೆ ಅಲ್ಲಿಗೇ ಮರೆತುಹೋಯಿತು. ಯಜಮಾನರು ಎಕ್ಸ್‌ರೇಯನ್ನು ಎತ್ತಿ ಕಿಟಕಿಗೆ ಹಿಡಿದರು. ಹಿಂದಿನ ಸೀಟಿನವರು ಎದ್ದು ನಿಂತರು. ಯಾರದು ಎಂದು ಕೇಳಿದ್ದಕ್ಕೆ ಕಾಲೇಜಿನದು, ಪಾಠಕ್ಕೆ ಎಂದು ತೊದಲಿದೆ. ಮೂಲೆಯಲ್ಲಿ ನನ್ನ ಹೆಸರು ಬಿಳಿಯ ಅಕ್ಷರದಲ್ಲಿ ಹೊಳೆಯುತ್ತಿತ್ತು. ಯಾರೂ ಓದಲಿಲ್ಲ, ಎಲ್ಲರ ಕಣ್ಣೂ ಎಲುಬಿನ ಮೇಲಿತ್ತು. ಯಜಮಾನರು ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು, ಫಿಲ್ಮನ್ನು ನನ್ನ ಕೈಗೆ ಕೊಡುತ್ತ ಹೇಳಿದರು:

“ಪಾಪ, ಈವಯ್ಯ ಉಳಿಯಾಕಿಲ್ಲ ಬುಡಿ.”

ಚಾಮರಾಜನಗರದ ತನಕ ನಾನು ಉಸಿರಾಡಿದೆನೋ ಇಲ್ಲವೋ ತಿಳಿಯದು. ಮನೆಗೆ ಬಂದವನೇ, ನಾಗರತ್ನ ಅಂಗಡಿಗೆ ಹೋಗಿದ್ದ ಸಮಯ ನೋಡಿ ಬ್ಲೇಡು ತೆಗೆದುಕೊಂಡು ಮೂಲೆಯ ಹೆಸರನ್ನು ಕಣ್ಣು ಮುಚ್ಚಿಕೊಂಡೇ ಎನ್ನುವ ಹಾಗೆ ಕೆರೆದುಹಾಕಿದೆ. ಇನ್ನು ಇದನ್ನು ಅಡಗಿಸಿಡುವುದು ಎಲ್ಲಿ? ಬೀರುವಿನಲ್ಲಿಟ್ಟರೆ ಸೀರೆ ತೆಗೆಯುವಾಗ ಸಿಗುತ್ತದೆ. ಹಾಸಿಗೆಯ ಕೆಳಗಿಟ್ಟರೆ ಸದ್ದು ಮಾಡುತ್ತದೆ. ಆಗ ನನ್ನ ಸಂಶೋಧನೆ ನನ್ನ ಕೈ ಹಿಡಿಯಿತು. ಒಂದು ವಸ್ತುವನ್ನು ಅಡಗಿಸಲು ಅದೇ ಥರದ ಸಾವಿರ ವಸ್ತುಗಳ ನಡುವೆ ಇಡಬೇಕು ಎನ್ನುವುದು ನನ್ನ ಪ್ರಬಂಧದ ಮೊದಲ ಅಧ್ಯಾಯ. ಅಟ್ಟ ಹತ್ತಿ, ಗುಂಡ್ಲುಪೇಟೆಯ ಎಕ್ಸ್‌ರೇಗಳ ರಾಶಿಯ ಮಧ್ಯೆ ಎಲ್ಲೋ ಒಂದು ಕಡೆ ನನ್ನದನ್ನು ತೂರಿಸಿಟ್ಟೆ. ಯಾವ ಪೊಲೀಸಿನವನೂ ಇದನ್ನು ಪತ್ತೆ ಹಚ್ಚಲಾರ ಎನಿಸಿ, ಅಂಥ ಭಯದಲ್ಲೂ ಒಂದು ಕ್ಷಣ ಬೆನ್ನು ತಟ್ಟಿಕೊಂಡೆ.

ಭಾನುವಾರ ಬೆಳಿಗ್ಗೆ, ನಾಳೆಗೆ ಫಿಲ್ಮ್ ತೆಗೆದಿಡೋಣ ಎಂದು ಅಟ್ಟ ಹತ್ತಿದೆ. ರಾಶಿಯನ್ನು ಇಳಿಸಿ ನೋಡಿದೆ. ಒಂದಕ್ಕೂ ಹೆಸರಿಲ್ಲ. ಎಲ್ಲದರ ಮೂಲೆಯೂ ನನ್ನ ಬ್ಲೇಡಿನಿಂದಲೇ ಚೊಕ್ಕಟವಾಗಿದೆ. ಎಲ್ಲವೂ ಎದೆಗಳೇ. ಎಲ್ಲರಿಗೂ ಎರಡು ಕಡೆ ಎಲುಬು, ನಡುವೆ ಹೃದಯ. ಪೊಲೀಸಿನವನಿರಲಿ, ನನಗೇ ನನ್ನ ಎದೆ ಯಾವುದೆಂದು ಗೊತ್ತಾಗಲಿಲ್ಲ. ಇನ್ನೊಂದು ಎಕ್ಸ್‌ರೇ ತೆಗೆಸಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಆಗುತ್ತಿತ್ತು. ಹೆದರಿದವನಿಗೆ ಅಂಥ ಸಲೀಸಾದ ದಾರಿ ಹೊಳೆಯುವುದಿಲ್ಲ. ಡಾಕ್ಟರು ‘ಈ ಫಿಲ್ಮ್ ತಪ್ಪದೆ’ ಎಂದದ್ದೊಂದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನಾಗರತ್ನ ದೇವಸ್ಥಾನಕ್ಕೆ ಹೋಗಿದ್ದಳು. ಒಳಗೆ ಬೆಳಕು ಸಾಲದೆ ಎಲ್ಲವನ್ನೂ ಹಿತ್ತಲಿಗೆ ಹೊತ್ತುಕೊಂಡು ಹೋಗಿ, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದೆ. ಬಿಸಿಲು ಹಿಂದಿನಿಂದ ಬೀಳುತ್ತಲೇ ಗುಂಡ್ಲುಪೇಟೆಯ ಎದೆಗೂಡುಗಳೆಲ್ಲ ಒಟ್ಟಿಗೆ ಬೆಳಗಿದವು. ಪಕ್ಕದ ಮನೆಯ ಕಾಂಪೌಂಡರ ಹೆಂಡತಿ ಕಾಂಪೌಂಡಿನ ಮೇಲಿಂದ ಇಣುಕಿ, ಕೈಯ ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದರು.

ನಾನು ನೆರಳು, ಅಂದರೆ ಫಿಲ್ಮಿನಲ್ಲಿ ಬಿಳಿಯಾಗಿ ಕಾಣುವ ಮಚ್ಚೆ, ಹುಡುಕುತ್ತ ಹೊರಟೆ. ಒಂದು ಫಿಲ್ಮ್ ತೀರ ಸ್ವಚ್ಛವಾಗಿ ಕಂಡಿತು. ಈ ಪುಣ್ಯಾತ್ಮ ಯಾರೋ, ಎಂಥ ಗಟ್ಟಿ ಎದೆ ಎಂದು ಹೊಟ್ಟೆಕಿಚ್ಚು ಪಟ್ಟು ಮುಂದೆ ಹೋದೆ. ಕೊನೆಯಿಂದ ಎರಡನೆಯದರ ಮುಂದೆ ನಿಂತುಬಿಟ್ಟೆ. ಬಲಗಡೆ ಮೇಲ್ಭಾಗದಲ್ಲಿ ಅಂಗೈಯಗಲದ ಬಿಳಿ ಮಚ್ಚೆ, ಅದರಿಂದ ನಾಲ್ಕೂ ಕಡೆಗೆ ಎಳೆಗಳು. ಯಜಮಾನರು ಹೇಳಿದ್ದು ಇದನ್ನೇ. ಅನುಮಾನವೇ ಇಲ್ಲ. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಮೂವತ್ತೈದು ತುಂಬದ ಗಂಡಸು, ಎಂಜಿನಿಯರಿಂಗ್ ಮೇಷ್ಟ್ರು, ಬಿಕ್ಕಿ ಬಿಕ್ಕಿ ಅತ್ತೆ. ನಾಗರತ್ನ ಹಣ್ಣುಕಾಯಿ ಬುಟ್ಟಿ ಹಿಡಿದು ಬಂದು ನಿಂತದ್ದು ಗೊತ್ತೇ ಆಗಲಿಲ್ಲ. ಏನಾಯಿತು ಎಂದಳು. ಇನ್ನು ಮುಚ್ಚಿಡಲು ಶಕ್ತಿ ಇರಲಿಲ್ಲ. ಕೆಮ್ಮು, ಜ್ವರ, ಗುಂಡ್ಲುಪೇಟೆ, ಕ್ಯಾಲೆಂಡರು, ಎಲ್ಲವನ್ನೂ ಹೇಳಿ, ಆ ಫಿಲ್ಮಿನ ಕಡೆ ಬೆರಳು ತೋರಿಸಿದೆ. ಅವಳು ಬುಟ್ಟಿ ಕೆಳಗಿಟ್ಟು ಹತ್ತಿರ ಹೋಗಿ ನೋಡಿದಳು.

“ಇದು ನಿಮ್ಮದಲ್ಲ ರೀ,” ಎಂದಳು. “ಈ ಭುಜದ ಮೂಳೆ ನೋಡಿ, ಸೊಟ್ಟ ಕೂಡಿಕೊಂಡಿದೆ. ಲಾರಿ ಮೇಲಿಂದ ಬಿದ್ದಾಗ ಮುರಿದದ್ದು. ಚಿಕ್ಕವಳಿದ್ದಾಗ ನಾನೇ ಎಣ್ಣೆ ತಿಕ್ಕುತ್ತಿದ್ದೆ. ಇದು ನಮ್ಮಪ್ಪನದು.”

ಆ ಕ್ಷಣ ನನಗಾದ ಸಂತೋಷವನ್ನು ಹೇಳಿದರೆ ನೀವು ನನ್ನ ಮುಖ ನೋಡಲಾರಿರಿ. ನನ್ನದಲ್ಲ! ಎದ್ದು ನಿಂತು ಬಿಟ್ಟೆ. ಆಮೇಲೆ ಅವಳ ಮುಖ ನೋಡಿದೆ. ಸಂತೋಷ ಅಲ್ಲೇ ಸತ್ತಿತು. ತಿಂಗಳುಗಟ್ಟಲೆ ಆ ಫಿಲ್ಮ್ ನನ್ನ ಅಟ್ಟದಲ್ಲಿತ್ತು. ಕಂಪ್ಯೂಟರಿನಲ್ಲಿ ಅದನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿ, ಚುಕ್ಕಿಗಳ ಸಂದಿಯಲ್ಲಿ ಏನೇನೋ ಅಡಗಿಸಿದ್ದೆ. ಅದರಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನು ನನ್ನ ಮಾವ ಎಂದು ಒಂದು ಸಲವೂ ನೋಡಿರಲಿಲ್ಲ. ನಾಗರತ್ನ ಅಳುತ್ತಲೇ ತಂತಿಯ ಉದ್ದಕ್ಕೂ ನಡೆದು, ನಾನು ಹೊಟ್ಟೆಕಿಚ್ಚು ಪಟ್ಟಿದ್ದ ಗಟ್ಟಿ ಎದೆಯ ಮುಂದೆ ನಿಂತಳು. ಅದರ ಹೆಗಲಿನ ಮೇಲೆ ಒಂದು ಪಿನ್ನು ಸ್ಪಷ್ಟವಾಗಿ ಕಾಣುತ್ತಿತ್ತು. ಹರಿದ ಬನಿಯನ್ನಿಗೆ ಅವಳೇ ಹಾಕಿಕೊಟ್ಟ ಪಿನ್ನು. ಇದು ನಿಮ್ಮದು ಎಂದು ಕಿತ್ತು ಕೈಗೆ ಕೊಟ್ಟಳು. ನೆರಳು ಇತ್ತು, ಹೆಬ್ಬೆರಳ ಉಗುರಿನಷ್ಟು.

ಸೋಮವಾರ ಮಾವನವರನ್ನೂ ಕರೆದುಕೊಂಡು ಮೂವರೂ ಮೈಸೂರಿಗೆ ಹೋದೆವು. ಸುಮ್ಮನೆ ಒಂದು ಪರೀಕ್ಷೆ ಎಂದು ಹೇಳಿ ಹೊರಡಿಸಿದ್ದೆವು. ತಜ್ಞರು ನಾನು ಎದೆಗೆ ಅವುಚಿಕೊಂಡು ತಂದಿದ್ದ ಎರಡೂ ಫಿಲ್ಮುಗಳ ಮೂಲೆ ನೋಡಿ, ಹೆಸರೇ ಇಲ್ಲವಲ್ಲ, ಇದನ್ನು ಹೇಗೆ ನಂಬಲಿ ಎಂದು ಪಕ್ಕಕ್ಕೆ ಸರಿಸಿ, ಇಬ್ಬರಿಗೂ ಹೊಸದು ತೆಗೆಸಿಕೊಂಡು ಬನ್ನಿ ಎಂದರು. ತೆಗೆಸಿದೆವು. ಕಫದ ಪರೀಕ್ಷೆಯೂ ಆಯಿತು. ನನಗೆ ಕ್ಷಯ, ಆದರೆ ಮೊದಲ ಹಂತ, ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಿದರೆ ಗುಣ. ಮಾವನವರದು ಬಹಳ ಹಳೆಯ, ಮಾಗಿದ ಕಲೆ, ಈಗ ಏನೂ ಇಲ್ಲ. ಚಿಕ್ಕ ವಯಸ್ಸಿನಲ್ಲಿ ಯಾವಾಗಲಾದರೂ ಇದಕ್ಕೆ ಔಷಧಿ ತೆಗೆದುಕೊಂಡಿದ್ದಿರಾ ಎಂದು ಡಾಕ್ಟರು ಕೇಳಿದರು. ಮಾವ ಫ್ಯಾನು ನೋಡುತ್ತ ಇಲ್ಲ ಎಂದರು. ಯಾವತ್ತೂ ಗುಡುಗುವ ಮನುಷ್ಯನ ದನಿ ಆ ಒಂದು ಮಾತಿನಲ್ಲಿ ಎಷ್ಟು ಸಣ್ಣದಾಗಿತ್ತೆಂದರೆ, ನನಗೇ ಕೆಮ್ಮು ನಿಂತಿತು.

ನಾಗರತ್ನ ಮಾತ್ರೆ ತರಲು ಹೋದಾಗ ನಾವಿಬ್ಬರೇ ಕ್ಯಾಂಟೀನಿನಲ್ಲಿ ಕೂತೆವು. ಮಾವ ಬೀಡಿ ತೆಗೆದು, ನನ್ನ ಎದೆ ನೋಡಿ, ಒಳಗಿಟ್ಟರು. ಆಮೇಲೆ ತಾವಾಗಿಯೇ ಹೇಳಿದರು. ಮದುವೆಗೆ ಮುಂಚೆ ಅವರಿಗೆ ಇದೇ ಕಾಯಿಲೆ ಬಂದಿತ್ತು. ಮೈಸೂರಿನಲ್ಲಿ ಕೆಲಸಕ್ಕಿದ್ದೇನೆ ಎಂದು ಊರಿಗೆ ಸುಳ್ಳು ಹೇಳಿ ಆಸ್ಪತ್ರೆಯಲ್ಲಿದ್ದರು. ತಿಳಿದರೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಅತ್ತೆಯವರಿಗೆ ಇಂದಿಗೂ ಗೊತ್ತಿಲ್ಲ. ಈಚೆಗೆ ಬೀಡಿ ಕೆಮ್ಮಿಗೆ ಎಕ್ಸ್‌ರೇ ತೆಗೆಸಿದಾಗ ಹಳೆಯ ಕಲೆ ಎದ್ದು ಕಂಡಿತಂತೆ. ಹಾಗಿದ್ದರೆ ಅದನ್ನು ಮಂಡಿಯ ಗೋಡೆಗೆ ಯಾಕೆ ಹಾಕಿದಿರಿ ಎಂದು ನಾನು ತಬ್ಬಿಬ್ಬಾಗಿ ಕೇಳಿದೆ.

“ಮುಚ್ಚಿಟ್ರೆ ಜನ ಕೆದಕ್ತಾರೆ ಕಣ್ ಅಳೀಮಯ್ಯ. ಎಲ್ರಿಗೂ ತೋರ್ಸುಬುಟ್ರೆ ಯಾರೂ ನೋಡಾಕಿಲ್ಲ. ನಿಮ್ದೂ ಕೊಡಿ ಇಲ್ಲಿ.”

ನನ್ನ ಹಳೆಯ ಫಿಲ್ಮನ್ನು ಕಸಿದುಕೊಂಡರು. ಆ ವಾರದಿಂದ ಅದು ಮಂಡಿಯ ಗೋಡೆಯ ಮೇಲೆ, ಅವರದು ಇದ್ದ ಜಾಗದಲ್ಲಿ ನೇತಾಡಿತು. ನಮ್ಮ ಅಳಿಯಂದು, ಮೇಷ್ಟ್ರು, ಸೀಮೆಸುಣ್ಣದ ಕೆಮ್ಮು, ಎಲುಬು ಎಷ್ಟು ನೆಟ್ಟಗಿವೆ ನೋಡ್ರಪ್ಪ ಎಂದು ಬಂದವರಿಗೆಲ್ಲ ತೋರಿಸಿದರು. ಎಲ್ಲರೂ ಪಿನ್ನು ನೋಡಿ ನಕ್ಕು ಹೋದರು. ಒಬ್ಬರೂ ಉಗುರಿನಷ್ಟು ನೆರಳನ್ನು ನೋಡಲಿಲ್ಲ. ನಾನು ವರ್ಷಗಟ್ಟಲೆ ಲೆಕ್ಕ ಹಾಕಿ ಕಟ್ಟಿದ ವಿಧಾನಕ್ಕಿಂತ ಇದು ಸಾವಿರ ಪಾಲು ಭದ್ರವಾಗಿತ್ತು. ಪ್ರಬಂಧದಲ್ಲಿ ಸೇರಿಸುವಂತಿರಲಿಲ್ಲ, ಅಷ್ಟೆ.

ಆರು ತಿಂಗಳೂ ಮಾತ್ರೆ ನುಂಗಿದೆ. ನುಂಗಿದೆನೋ ಇಲ್ಲವೋ ಎಂಬ ಅನುಮಾನ ಬಾರದಿರಲೆಂದು ನಾಗರತ್ನ ಎದುರಿಗೇ ನಿಂತಿರುತ್ತಿದ್ದಳು. ಕೆಮ್ಮು ಹೋಯಿತು, ಪ್ಯಾಂಟು ಮತ್ತೆ ಬಿಗಿಯಾಯಿತು. ಇಬ್ಬರೂ ಗುಂಡ್ಲುಪೇಟೆಗೆ ಹೋದೆವು. ಅತ್ತೆಯವರು ಮಾತು ಕಮ್ಮಿಯ ಹೆಂಗಸು. ಎಲ್ಲರಿಗೂ ಬಡಿಸಿ, ಮಾವ ಮಂಡಿಗೆ ಹೋದ ಮೇಲೆ, ನಾಗರತ್ನ ಹಿತ್ತಲಲ್ಲಿದ್ದಾಗ, ನನ್ನ ಮುಂದೆ ಒಂದು ಲೋಟ ಹಾಲಿಟ್ಟು ನೆಲದ ಮೇಲೆ ಕೂತರು. ಗುಣವಾಯಿತೇ ಎಂದು ಕೇಳಿದರು. ಆಯಿತು ಎಂದೆ. ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

“ಇವ್ರೂ ಮದ್ವೆ ಆದ್ಮೇಲೂ ಅಷ್ಟು ದಿವ್ಸ ಕೊಟ್ಟಿಗೆ ಹಿಂದ್ಕೆ ಓಗಿ ಕದ್ದು ಮಾತ್ರೆ ನುಂಗೋರು. ನಾ ನೋಡ್ದೇ ಇರೋಳಂಗೇ ಇದ್ದೆ. ಬೆಕ್ಕಿಗೆ ಅಂತ ಅಲ್ಲೇ ಒಂದ್ ಲೋಟ ಹಾಲು ಇಟ್ಬುಡ್ತಿದ್ದೆ, ಕುಡ್ದು ಬರೋರು. ನಂಗೆ ಗೊತ್ತು ಅಂತ ಅವ್ರಿಗೆ ಯೋಳ್ಬ್ಯಾಡಿ, ನೊಂದ್ಕೋತಾರೆ.”

ಅಡಗಿಸಿಟ್ಟದ್ದನ್ನು ಯಾರೂ ಕಂಡುಹಿಡಿಯಲಾರರು ಎಂದು ನಾನು ಪುಟಗಟ್ಟಲೆ ಸಾಧಿಸಿದ್ದೆ. ಕಂಡುಹಿಡಿದೂ ಒಬ್ಬರು ಮೂವತ್ತು ವರ್ಷ ಸುಮ್ಮನಿರಬಹುದು ಎಂಬುದಕ್ಕೆ ನನ್ನಲ್ಲಿ ಒಂದು ಸಾಲೂ ಇರಲಿಲ್ಲ. ಗಂಡನ ಗುಟ್ಟು ಹೆಂಡತಿಗೆ ತಿಳಿಯದ ಹಾಗೆ, ಹೆಂಡತಿಯ ಗುಟ್ಟು ಗಂಡನಿಗೆ ತಿಳಿಯದ ಹಾಗೆ ಕಾಯುವ ಜವಾಬ್ದಾರಿ ಈಗ ನನ್ನ ಮೇಲೆ. ಸಂಜೆಯ ಕಾಫಿಗೆ ಮಾವ ಬಂದು ಅತ್ತೆಯ ಎದುರಿಗೇ ಕೂತಾಗ ನಾನು ಯಾರ ಮುಖವನ್ನೂ ನೋಡಲಿಲ್ಲ. ಗೋಡೆ ನೋಡಿದೆ, ಲೋಟ ನೋಡಿದೆ. ನಿಮಗೆ ಮತ್ತೆ ಜ್ವರ ಬಂತೇ ಎಂದು ಮಾವನೇ ಕೇಳಿದರು.

ಬಸ್ಸಿನಲ್ಲಿ ನಾಗರತ್ನ ನನ್ನನ್ನು ಒಂದೇ ಸಮ ನೋಡಿದಳು. ಏನು ಎಂದಳು. ಏನಿಲ್ಲ ಎಂದೆ. ಏನೋ ಇದೆ ಎಂದಳು. ಬಸ್ಸು ತೆರಕಣಾಂಬಿ ತಲುಪುವ ಮೊದಲೇ ಅವರಪ್ಪನ ಆಸ್ಪತ್ರೆ, ಅವರಮ್ಮನ ಬೆಕ್ಕಿನ ಹಾಲು, ಎರಡೂ ನನ್ನ ಬಾಯಿಂದ ಹೊರಗೆ ಬಿದ್ದಿದ್ದವು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಲ್ಲಾ ರೀ, ನೀವು ಡಾಕ್ಟರೇಟ್ ಮಾಡ್ತಿರೋದು ಯಾವುದರಲ್ಲಿ ಅಂದ್ರಿ?”